ಪದವಿಯ ತರುವಾಯದ ಸೋದರತ್ವ: ಲೂಯಿವಿಲ್ ನಗರದ ಆಲ್ಫಾ ಲ್ಯಾಂಬ್ಡಾ ಶಾಖೆ

ವಿದ್ಯಾರ್ಥಿದೆಸೆಯ ಸ್ನೇಹವು ಪದವಿಪತ್ರದೊಡನೆ ಮುಗಿಯುವುದು ಲೋಕರೂಢಿ. ಆ ಸ್ನೇಹವನ್ನೇ ಸಮಾಜದ ಆಸರೆಯನ್ನಾಗಿ ಮಾಡಿದ ನಿದರ್ಶನಗಳು ವಿರಳ. ಅಮೆರಿಕೆಯ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ 1911ರಲ್ಲಿ ಸ್ಥಾಪಿತವಾದ ಆಲ್ಫಾ ಲ್ಯಾಂಬ್ಡಾ ಎಂಬ ಪದವೀಧರ ಶಾಖೆಯು ಅಂಥದೊಂದು ನಿದರ್ಶನ. ಇದರ ಮಾತೃಸಂಸ್ಥೆಯು ಆಲ್ಫಾ ಫೈ ಆಲ್ಫಾ ಎಂಬ ವಿದ್ಯಾರ್ಥಿ ಸೋದರಸಂಘ.

ಈ ಸಂಘದ ಹುಟ್ಟಿಗೆ ಕಾರಣ ಒಂದು ನೋವು. ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 1904-05ರಲ್ಲಿ ಓದುತ್ತಿದ್ದ ಆರು ಮಂದಿ ಕಪ್ಪುವರ್ಣೀಯ ವಿದ್ಯಾರ್ಥಿಗಳಲ್ಲಿ ಒಬ್ಬರೂ ಮರುವರ್ಷ ಹಿಂದಿರುಗಲಿಲ್ಲ. ಬಿಳಿಯರ ಸೋದರಸಂಘಗಳ ಬಾಗಿಲು ಅವರಿಗೆ ಮುಚ್ಚಿತ್ತು. ಕಲಿಕೆಯಲ್ಲಾಗಲಿ ವಸತಿಯಲ್ಲಾಗಲಿ ಒತ್ತಾಸೆಯಾಗಿ ನಿಲ್ಲುವವರಿರಲಿಲ್ಲ. ತರುವಾಯ ಬಂದ ವಿದ್ಯಾರ್ಥಿಗಳು ಮೊದಲು ಒಂದು ಅಧ್ಯಯನ ಕೂಟವನ್ನು ಕಟ್ಟಿದರು. ಅದೇ 1906ರ ಡಿಸೆಂಬರ್ 4ರಂದು ಸೋದರಸಂಘವಾಗಿ ರೂಪುತಾಳಿತು. ಅದರ ಏಳು ಮಂದಿ ಸ್ಥಾಪಕರನ್ನು ಸಂಘದವರು ‘ರತ್ನಗಳು’ ಎಂದೇ ಕರೆಯುತ್ತಾರೆ.

ಕಾಲೇಜಿನ ಶಾಖೆಯು ಕಾಲೇಜನ್ನು ನೆಚ್ಚಿಕೊಂಡದ್ದು. ಪದವೀಧರ ಶಾಖೆಯಾದರೋ ಊರನ್ನು ನೆಚ್ಚಿಕೊಂಡದ್ದು. ಬೇರೆ ಬೇರೆ ಕಡೆ ಓದಿ ಒಂದೇ ನಗರದಲ್ಲಿ ನೆಲೆನಿಂತವರು ಅಲ್ಲಿ ಕೂಡುತ್ತಾರೆ. ಸಂಘದ ಇಂಥ ಮೊದಲ ಶಾಖೆಯು ಲೂಯಿವಿಲ್‌ನಲ್ಲಿ ಮೂಡಿತೆಂಬುದು ಗಮನಾರ್ಹ. ಕೆಂಟಕಿಯ ಶಾಸನಸಭೆಯು 1904ರಲ್ಲಿ ‘ಡೇ ಶಾಸನ’ವನ್ನು ಮಾಡಿ, ಎರಡು ವರ್ಣದವರು ಒಂದೇ ಶಾಲೆಯಲ್ಲಿ ಓದುವುದನ್ನು ನಿಷೇಧಿಸಿತ್ತು. ಅಲ್ಲಿಯವರೆಗೆ ಎಲ್ಲರಿಗೂ ತೆರೆದಿದ್ದ ಬೆರಿಯಾ ಕಾಲೇಜು ನ್ಯಾಯಾಲಯದ ಮೊರೆಹೊಕ್ಕಿತಾದರೂ 1908ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಾಸನವನ್ನೇ ಎತ್ತಿಹಿಡಿಯಿತು. ಒಟ್ಟಿಗೆ ಕಲಿಯುವುದೇ ಅಪರಾಧವಾದ ನಾಡಿನಲ್ಲಿ, ಕಲಿತವರು ಒಟ್ಟುಗೂಡುವುದು ಬರಿಯ ಗೆಳೆತನದ ವಿಷಯವಾಗಿ ಉಳಿಯಲಾರದು.

ಶಾಖೆಯ ಎಳೆಯ ವಯಸ್ಸಿನಲ್ಲೇ, 1914ರಲ್ಲಿ, ಲೂಯಿವಿಲ್ ನಗರಾಡಳಿತವು ವರ್ಣಭೇದದ ಮೇಲೆ ವಾಸದ ಬೀದಿಗಳನ್ನು ಪ್ರತ್ಯೇಕಿಸುವ ಕಟ್ಟಳೆಯನ್ನು ತಂದಿತು. ಅದನ್ನು ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿದ್ದು 1917ರಲ್ಲಿ. ನೆಲೆಗಾಗಿಯೇ ಇಂಥ ಹೋರಾಟ ನಡೆದ ಊರಿನಲ್ಲಿ ಶಾಖೆಯು ಬೇರೂರಿತು.

ಲೂಯಿವಿಲ್ ಹಾಕಿದ ಮೇಲ್ಪಂಕ್ತಿಯು ಹಬ್ಬಿತು. ಇತರ ನಗರಗಳಲ್ಲಿಯೂ ಪದವೀಧರ ಶಾಖೆಗಳು ಹುಟ್ಟಿದವು. ಅವುಗಳ ಹೆಸರಿನ ಕೊನೆಗೆ ‘ಲ್ಯಾಂಬ್ಡಾ’ ಎಂಬ ಗ್ರೀಕ್ ಅಕ್ಷರವನ್ನು ಸೇರಿಸುವ ಪದ್ಧತಿ ನೆಲೆಗೊಂಡಿತು. 1920ರ ದಶಕದಲ್ಲಿ ಮಕ್ಕಳನ್ನು ಪ್ರೌಢಶಾಲೆಗೂ ಕಾಲೇಜಿಗೂ ಹೋಗುವಂತೆ ಹುರಿದುಂಬಿಸುವ ಚಳವಳಿಯನ್ನೂ 1930ರ ದಶಕದಲ್ಲಿ ಮತದಾನದ ಹಕ್ಕಿನ ಜಾಗೃತಿಯನ್ನೂ ಸಂಘವು ಕೈಗೊಂಡಿತು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯಲ್ಲಿ ಪ್ರವೇಶ ಕೋರಿ ಮರ್ರೆ ಎಂಬ ಯುವಕನ ಪರವಾಗಿ 1935ರಲ್ಲಿ ವಾದಿಸಿದ ಥರ್ಗುಡ್ ಮಾರ್ಷಲ್ ಇದೇ ಸಂಘದ ಸದಸ್ಯರು. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಅವರೂ 1952ರಲ್ಲಿ ಸಂಘವನ್ನು ಸೇರಿದರು. ವಾಷಿಂಗ್ಟನ್ನಿನಲ್ಲಿ ಅವರಿಗೊಂದು ಸ್ಮಾರಕ ಬೇಕೆಂದು ಸಂಘವು 1984ರಲ್ಲಿ ಕೈಗೊಂಡ ಸಂಕಲ್ಪವು 2011ರಲ್ಲಿ, ಲೂಯಿವಿಲ್ ಶಾಖೆಗೆ ನೂರು ತುಂಬಿದ ವರ್ಷ, ಲೋಕಾರ್ಪಣೆಗೊಂಡಿತು.

ತಮ್ಮನ್ನು ಹೊರಗಿಟ್ಟವರ ಕ್ರಮವನ್ನೇ ತಾವೂ ಅನುಸರಿಸುವ ಅಪಾಯ ಇಂಥ ಸಂಘಗಳಿಗೆ ಉಂಟು. ಆಲ್ಫಾ ಫೈ ಆಲ್ಫಾ 1945ರಲ್ಲಿ ಎಲ್ಲ ವರ್ಣದವರಿಗೂ ಸದಸ್ಯತ್ವವನ್ನು ತೆರೆದು ಆ ಅಪಾಯವನ್ನು ಎದುರಿಸಿತು.

ಇಲ್ಲಿ 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದ ‘ಸಪ್ತರ್ಷಿ’ಗಳ ನೆನಪು ನಮ್ಮ ಓದುಗರಿಗೆ ಸಹಜವಾಗಿಯೇ ಬಂದೀತು. ಈ ಎರಡು ಸಂಸ್ಥೆಗಳಿಗೆ ಪರಸ್ಪರ ಸಂಬಂಧವಿಲ್ಲ. ಗುರಿ ಹಾಗೂ ರಚನೆಗಳೂ ಬೇರೆ. ಆದರೆ ಎರಡರ ಮುಂದೆಯೂ ಇದ್ದ ಪ್ರಶ್ನೆ ಒಂದೇ: ಕಲಿತವನು ಕಲಿಯಲಾಗದವನಿಗೆ ಏನು ಸಲ್ಲಿಸಬೇಕು? ಶರಣರು ಇದಕ್ಕೆ ಇಟ್ಟ ಹೆಸರು ದಾಸೋಹ. ಪಡೆದದ್ದನ್ನು ಋಣವೆಂದು ಬಗೆದು ಸಲ್ಲಿಸಿದಾಗ ಮಾತ್ರ ವಿದ್ಯೆಯು ಪೂರ್ಣವಾಗುತ್ತದೆ ಎಂಬ ಅರಿವನ್ನು ಲೂಯಿವಿಲ್‌ನ ಶಾಖೆಯ ಇತಿಹಾಸವೂ ದೃಢಪಡಿಸುತ್ತದೆ.