ನಾಲ್ಕನೆಯ ಕಲಮು

1924ನೆಯ ಇಸವಿ ಮಾರ್ಚ್ 3ರಂದು ಅಂಕಾರಾದ ಶಾಸನಸಭೆಯು ಖಲೀಫಪದವಿಯನ್ನೇ ತೊಡೆದುಹಾಕಿದ ವಾರ್ತೆ, ಅದರ ರಕ್ಷಣೆಗೆಂದು ಚಳವಳಿ ಹೂಡಿದ್ದ ನಮ್ಮ ದೇಶಕ್ಕೆ ಸಿಡಿಲೆರಗಿದಂತಾದುದರಿಂದಲೋ ಏನೋ, ಅದೇ ದಿನ ಅದೇ ಸಭೆಯು ಅಂಗೀಕರಿಸಿದ ವಿದ್ಯಾಭ್ಯಾಸದ ಶಾಸನವೊಂದು ನಮ್ಮವರ ಸ್ಮೃತಿಯಲ್ಲಿ ಅಷ್ಟಾಗಿ ಉಳಿಯಲಿಲ್ಲ. ‘ತೆವ್ಹೀದಿ ತೆದ್ರೀಸಾತ್’ ಎಂದು ಅದರ ಹೆಸರು. ಬೋಧನೆಯ ಏಕೀಕರಣವೆಂದು ಅರ್ಥ. ದೇವರ ಏಕತ್ವವನ್ನು ಸಾರುವ ಶಬ್ದವನ್ನೇ ಪಾಠಶಾಲೆಗಳ ಏಕತ್ವಕ್ಕೆ ಬಳಸಿಕೊಂಡ ಆ ಹೆಸರಿನಲ್ಲಿ, ತುರ್ಕಿಯಲ್ಲಿ ಮುಂದೆ ನಡೆದುದೆಲ್ಲವೂ ಬೀಜರೂಪವಾಗಿ ಅಡಗಿತ್ತೆಂದು ನನಗೆ ತೋರುತ್ತದೆ.

ಏಕೀಕರಣವು ಅವಶ್ಯವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಮಸೀದಿಯ ನೆರಳಿನಲ್ಲಿ, ವಕ್ಫಿನ ಆದಾಯದಿಂದ ನಡೆಯುತ್ತಿದ್ದ ಮದರಸಾದಲ್ಲಿ ಅರಬ್ಬಿ ವ್ಯಾಕರಣವನ್ನೂ ಧರ್ಮಶಾಸ್ತ್ರವನ್ನೂ ಕಲಿತು ಬಂದವನಿಗೂ, 1868ರಲ್ಲಿ ಇಸ್ತಾಂಬುಲಿನ ಗಲಾತಸರಾಯ್‌ನಲ್ಲಿ ತೆರೆದಂಥ ಶಾಲೆಯಲ್ಲಿ ಫ್ರೆಂಚ್ ಮುಖಾಂತರ ವಿದ್ಯೆಯನ್ನು ಪಡೆದವನಿಗೂ, ಒಂದೇ ಬೀದಿಯಲ್ಲಿ ಹುಟ್ಟಿದವರಾದರೂ, ಲೋಕವೇ ಬೇರೆಬೇರೆಯಾಗಿತ್ತು. ಶಾಸನವು ಶಾಲೆಗಳನ್ನೆಲ್ಲ ವಿದ್ಯಾ ಇಲಾಖೆಯ ವಶಕ್ಕೆ ಕೊಟ್ಟಿತು. ಮದರಸಾಗಳ ಬಾಗಿಲು ಮುಚ್ಚಿದುವು. ಆದರೆ ಅದರ ನಾಲ್ಕನೆಯ ಕಲಮು, ಉನ್ನತ ವ್ಯಾಸಂಗಕ್ಕೆ ಧರ್ಮಶಾಸ್ತ್ರದ ವಿಭಾಗವನ್ನೂ, ಇಮಾಮರನ್ನೂ ಮಸೀದಿಯಲ್ಲಿ ಪ್ರವಚನ ನೀಡುವ ಖತೀಬರನ್ನೂ ತಯಾರುಮಾಡಲು ಪ್ರತ್ಯೇಕ ಶಾಲೆಗಳನ್ನೂ ಸರ್ಕಾರವೇ ತೆರೆಯತಕ್ಕದ್ದೆಂದು ವಿಧಿಸಿತ್ತು. ಆದುದರಿಂದ ಧರ್ಮವನ್ನು ಶಾಲೆಯಿಂದ ಹೊರಗಟ್ಟಿದರೆಂಬ ಮಾತು ಅರ್ಧಸತ್ಯ. ಧರ್ಮಬೋಧನೆಯ ಬೀಗದ ಕೈ ರಾಜ್ಯದ ಸೊಂಟಕ್ಕೆ ಸೇರಿತೆಂಬುದೇ ನಿಜ.

ರಾಜ್ಯವು ಅದನ್ನು ಮೊದಲು ಬಳಸಿದುದು ಮುಚ್ಚುವುದಕ್ಕೆ. ಆ ಕಲಮಿನಂತೆ ಮೊದಲ ವರ್ಷ ತೆರೆದ 29 ಇಮಾಮ್-ಹತೀಪ್ (ಇಮಾಮ-ಖತೀಬ) ಶಾಲೆಗಳಲ್ಲಿ 1930ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. 1928ರಲ್ಲಿ ಲಿಪಿ ಬದಲಾಗಿ, ಅಜ್ಜನ ಗೋರಿಯ ಮೇಲಿನ ಬರೆಹ ಮೊಮ್ಮಗನಿಗೆ ಓದಲಾಗದ ಗೀಟುಗಳಾದುವು. 1933ರಲ್ಲಿ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗವೂ ಹೋಯಿತು. ಅಭಾವದ ಬಿಸಿ ತಟ್ಟಿದುದು ಪಂಡಿತರಿಗಲ್ಲ, ಹಳ್ಳಿಗರಿಗೆ. ಶವಕ್ಕೆ ವಿಧಿಪೂರ್ವಕ ಸ್ನಾನ ಮಾಡಿಸಿ, ಕಫನ್ ಹೊದಿಸಿ, ಜನಾಜಾ ನಮಾಜನ್ನು ನಡೆಸಬಲ್ಲವರೇ ಇಲ್ಲವಾಗುತ್ತಿದ್ದಾರೆಂಬ ದೂರು 1940ರ ದಶಕದಲ್ಲಿ ಆಳುವ ಪಕ್ಷದವರ ಬಾಯಿಂದಲೇ ಕೇಳಿಬಂದಿತು. ಹೆತ್ತ ತಾಯಿಯ ಕಳೇಬರದ ಮುಂದೆ ಪ್ರಾರ್ಥನೆ ನಡೆಸುವವನನ್ನು ಕಾಣದೆ ನಿಂತ ಮಗನಿಗೆ ರಾಜ್ಯನೀತಿಯ ಯಾವ ವಾದ ತಾನೆ ಸಮಾಧಾನ ಹೇಳೀತು!

1949ರಲ್ಲಿ ಪ್ರಾಥಮಿಕ ಶಾಲೆಯ 4 ಮತ್ತು 5ನೆಯ ತರಗತಿಗಳಿಗೆ, ತಂದೆತಾಯಿಯರು ಬರೆದು ಕೇಳಿದರೆ ಮಾತ್ರ, ಧರ್ಮಪಾಠ ಮರಳಿತು. 1951ರಲ್ಲಿ ಕೊನ್ಯ, ಕೈಸೆರಿ, ಮರಾಷ್ ಮೊದಲಾದ 7 ನಗರಗಳಲ್ಲಿ ಇಮಾಮ್-ಹತೀಪ್ ಶಾಲೆಗಳು ಪುನಃ ತೆರೆದುವು. ಅದಕ್ಕೆ ಹೊಸ ಶಾಸನವೇನೂ ಬೇಕಾಗಲಿಲ್ಲ. 27 ವರ್ಷಗಳ ಹಿಂದಿನ ಆ ನಾಲ್ಕನೆಯ ಕಲಮು ಇದ್ದ ಹಾಗೆಯೇ ಇತ್ತು.