ದಾನದ ಭಾಷೆ, ದಾಸೋಹದ ಭಾಷೆ

ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ ಎಂಬುದು ಲೋಕರೂಢಿ. ಈ ಮೇಲು-ಕೀಳು ಕೈಗಳಲ್ಲಿ ಮಾತ್ರವಲ್ಲದೆ, ಆ ಕಾರ್ಯಕ್ಕೆ ಇಡುವ ಹೆಸರಿನಲ್ಲಿಯೂ, ಅದನ್ನು ಕುರಿತು ಹೇಳುವ ಕಥೆಯಲ್ಲಿಯೂ ನೆಲೆಸಿದೆ ಎಂಬುದಕ್ಕೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿ.

ಪ್ರಾಚೀನ ದಾನಶಾಸನಗಳನ್ನು ಅವಲೋಕಿಸಿದರೆ ದಾತನ ವಂಶಾವಳಿ, ಬಿರುದುಗಳು, ಬಿಟ್ಟ ಭೂಮಿಯ ಎಲ್ಲೆ, ದತ್ತಿಯನ್ನು ಅಳಿಪಿದವರಿಗೆ ಶಾಪ ಇವೆಲ್ಲ ವಿಸ್ತಾರವಾಗಿ ಕಾಣಸಿಗುತ್ತವೆ. ಸತ್ರದಲ್ಲಿ ಉಂಡ ಬಡವನ ಮಾತು ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ. ಶಿಲೆಯ ಮೇಲೆ ಉಳಿದುದು ಕೊಟ್ಟವನ ಕಥೆಯೇ.

12ನೆಯ ಶತಮಾನದ ಶರಣರು ಈ ಭಾಷೆಯನ್ನೇ ಬದಲಿಸಿದರು. 'ದಾಸೋಽಹಂ', ಅಂದರೆ 'ನಾನು ದಾಸನು' ಎಂಬ ಮಾತಿನಿಂದ ಮೂಡಿದ 'ದಾಸೋಹ' ಶಬ್ದವು ನೀಡುವವನನ್ನೇ ಸೇವಕನ ಸ್ಥಾನದಲ್ಲಿ ನಿಲ್ಲಿಸಿತು. ಕಾಯಕದಿಂದ ಬಂದುದನ್ನು ಸಮರ್ಪಿಸುವಲ್ಲಿ 'ನಾನು ಕೊಟ್ಟೆ' ಎಂಬ ಅಹಂಕಾರಕ್ಕೆ ಎಡೆಯಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿ ಕಳುಹಿದಳೆಂಬ ಕಥೆ ಭಕ್ತರಿಗೆಲ್ಲ ಪರಿಚಿತ. ಇಲ್ಲಿ ಬಡದಂಪತಿಗಳು ಕರುಣೆಯ ಪಾತ್ರರಲ್ಲ. ದಾಸೋಹವನ್ನು ನಡೆಸುವವರೇ ಅವರು. ಎಷ್ಟು ಸಾಕೆಂಬ ತೀರ್ಮಾನವೂ ಅವರದೇ.

ಇದಕ್ಕೆ ವ್ಯತಿರಿಕ್ತವಾದ ಭಾಷೆಯನ್ನು 1876-78ರ ಮಹಾಕ್ಷಾಮದಲ್ಲಿ ನಾಡು ಕೇಳಿತು. ಜನರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ ಕಾಲವದು. ಹಸಿದವನು ನಿಜವಾಗಿಯೂ ಹಸಿದಿರುವನೇ ಎಂದು ಅರಿಯಲು ಆಂಗ್ಲ ಸರ್ಕಾರವು ದುಡಿಮೆಯನ್ನೇ ಒಂದು 'ಪರೀಕ್ಷೆ'ಯೆಂದು ಕರೆಯಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ದುಡಿಯುವ ಗಂಡಾಳಿಗೆ ದಿನವೊಂದಕ್ಕೆ ಗೊತ್ತುಪಡಿಸಿದ್ದು ಒಂದು ಪೌಂಡು ಧಾನ್ಯ ಮತ್ತು ಒಂದಾಣೆ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದು ಸಾಲದೆಂದು ಪ್ರತಿಭಟಿಸಿದರು. ವಾದವು ಅಧಿಕಾರಿಗಳ ನಡುವೆ ನಡೆಯಿತು. ಹಸಿದವನ ಹೇಳಿಕೆಯನ್ನು ಕೇಳಿದವರು ವಿರಳ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸಂಶಯದ ಭಾಷೆ ಅನ್ನದ ಅಳತೆಯನ್ನೂ ಕಿರಿದಾಗಿಸಬಲ್ಲದು.

20ನೆಯ ಶತಮಾನದಲ್ಲಿ ನಮ್ಮ ಮಠಗಳು ಬಡ ವಿದ್ಯಾರ್ಥಿಗಳಿಗೆ ಊಟ-ವಸತಿಗಳನ್ನು ಏರ್ಪಡಿಸಿದಾಗ ಆ ಮನೆಗಳನ್ನು 'ಪ್ರಸಾದ ನಿಲಯ'ಗಳೆಂದು ಕರೆದವು. ಬಿಟ್ಟಿ ಕೂಳು ಎಂಬ ಕುಂದು ಅದರಿಂದ ತೊಲಗಿತು, ಏಕೆಂದರೆ ಪ್ರಸಾದವು ಧನಿಕನಿಗೂ ದರಿದ್ರನಿಗೂ ಒಂದೇ. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು 2019ರಲ್ಲಿ ಲಿಂಗೈಕ್ಯರಾಗುವವರೆಗೂ ನಡೆಸಿದರು. ಅಲ್ಲಿ ಉಂಡು ಓದಿದವರು ತಲೆಯೆತ್ತಿ ನಡೆಯಲು ಅನ್ನದಷ್ಟೇ ಆ ಹೆಸರೂ ನೆರವಾಯಿತೆನ್ನಬಹುದು. ನೆರೆಸಂತ್ರಸ್ತರ 'ಗಂಜಿ ಕೇಂದ್ರ'ವನ್ನು ಸರ್ಕಾರವು ಇತ್ತೀಚಿನ ವರ್ಷಗಳಲ್ಲಿ 'ಕಾಳಜಿ ಕೇಂದ್ರ'ವೆಂದು ಕರೆಯತೊಡಗಿರುವುದೂ ಈ ವಿವೇಕದ ಗುರುತೇ.

ಆದರೆ ಹೆಸರು ಮಾತ್ರ ಸಾಲದು. ದಾಸೋಹವೆಂದು ಕರೆದು, ದಾನಿಗಳ ಪಟ್ಟಿಯನ್ನಷ್ಟೇ ಅಮೃತಶಿಲೆಯಲ್ಲಿ ಕೆತ್ತಿಸಿ, 'ನಿರ್ಗತಿಕ'ನೆಂಬ ಹಣೆಪಟ್ಟಿಯೊಡನೆ ಬಾಲಕನ ಭಾವಚಿತ್ರವನ್ನು ಮನವಿಪತ್ರದಲ್ಲಿ ಅಚ್ಚು ಹಾಕಿಸಿದರೆ ನಾವು ಮರಳಿ ಶಾಸನದ ಕಾಲಕ್ಕೇ ಹೋದಂತೆ. ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳು ತಮ್ಮ ಕಥೆಯನ್ನು ತಾವೇ ಬರೆಯಲಿ. ನಿಲಯದ ಆಡಳಿತದಲ್ಲಿ ಅವರ ಸಲಹೆಗೆ ಸ್ಥಾನವಿರಲಿ. ಎಷ್ಟು ಬೇಕು, ಎಷ್ಟು ಸಾಕು ಎಂದು ಹೇಳುವ ಲಕ್ಕಮ್ಮನ ಅಧಿಕಾರವು ಉಣ್ಣುವವರಿಗೂ ದೊರೆತಾಗಲೇ ದಾಸೋಹ ಶಬ್ದವು ಸಾರ್ಥಕವಾದೀತು.