ಪದ ಪರಿಚಯ: ಚಂದಾ

ಪಾರಸಿಯಲ್ಲಿ 'ಚಂದ್' ಎಂದರೆ ಕೆಲವು, ಒಂದಿಷ್ಟು. ಅದರಿಂದ ಹುಟ್ಟಿದ 'ಚಂದಾ' ಕನ್ನಡಕ್ಕೆ ಬಂದು ನಮ್ಮದೇ ಆಯಿತು. ಭಾದ್ರಪದ ಹತ್ತಿರವಾದರೆ ಜಯನಗರ, ಬನಶಂಕರಿಯ ಅಡ್ಡರಸ್ತೆಗಳಲ್ಲಿ ಹುಡುಗರು ರಸೀದಿ ಪುಸ್ತಕ ಹಿಡಿದು ಗಣೇಶನ ಚಂದಾಕ್ಕೆ ಗೇಟು ತಟ್ಟುತ್ತಾರೆ. ಐವತ್ತು ಕೊಟ್ಟವರಿಗೂ ಐನೂರು ಕೊಟ್ಟವರಿಗೂ, ಏನೂ ಕೊಡದ ದಾರಿಹೋಕರಿಗೂ ಆರ್ಕೆಸ್ಟ್ರಾ ಒಂದೇ. ಪತ್ರಿಕೆಯ ಚಂದಾ, ಕೇಬಲ್ ಚಂದಾ ಅಷ್ಟು ಧಾರಾಳವಲ್ಲ; ಆದರೂ ಒಮ್ಮೆ ಕಟ್ಟಿದರೆ ಅವಧಿ ಮುಗಿಯುವವರೆಗೆ ಮತ್ತೆ ಕೈಯೊಡ್ಡುವಂತಿಲ್ಲ.

ಬಾಕ್ಸಿಂಗ್‌ನ 'ಪೇ ಪರ್ ವ್ಯೂ', ಅಂದರೆ ನೋಡುವ ಒಂದೊಂದು ಪಂದ್ಯಕ್ಕೂ ಬೇರೆ ಹಣ ಕೇಳುವ ಪದ್ಧತಿ, ಮುರಿದದ್ದು ಈ ಮಾತನ್ನೇ. 2015ರ ಮೇವೆದರ್–ಪ್ಯಾಕಿಯಾವ್ ಪಂದ್ಯಕ್ಕೆ ಅಮೆರಿಕದಲ್ಲಿ ಎಚ್‌ಬಿಒ, ಶೋಟೈಮ್ ಚಾನೆಲ್ಲುಗಳ ಚಂದಾದಾರರೂ ಬೇರೆಯಾಗಿ ಸುಮಾರು 100 ಡಾಲರ್ ತೆರಬೇಕಾಯಿತು. ಅಂಥ ಅಪರೂಪದ ಪಂದ್ಯಕ್ಕೆ ಒಪ್ಪೋಣ. ಸಾಧಾರಣ ಪಂದ್ಯಗಳಿಗೂ ಅದೇ ಗಲ್ಲಾಪೆಟ್ಟಿಗೆ ಇಟ್ಟದ್ದು ಅನ್ಯಾಯ. ಚಾನೆಲ್ ತಿರುಗಿಸುವಾಗ ಅಕಸ್ಮಾತ್ ಕಣ್ಣಿಗೆ ಬಿದ್ದ ಆಟವೇ ಅಲ್ಲವೆ ಹೊಸ ಅಭಿಮಾನಿಯನ್ನು ಹುಟ್ಟಿಸುವುದು?

ಬಿಟಿಎಂ ಲೇಔಟಿನ ಪಿ.ಜಿ. ಹುಡುಗರು ಮೊಬೈಲ್ ಆ್ಯಪಿಗೆ ಕಟ್ಟುವುದನ್ನು 'ಸಬ್‌ಸ್ಕ್ರಿಪ್ಷನ್' ಎನ್ನುತ್ತಾರೆ. ಅಲ್ಲೂ ಹೊಸ ಸಿನಿಮಾಕ್ಕೆ ಬೇರೆ ಬಾಡಿಗೆ ಕೇಳುವ ಚಾಳಿ ಬಂದಿದೆ.